ಚಿಪ್ಪಿನ ಮೇಲಣ ಬಿಡಾರಗಳು

ಪಳೆಯುಳಿಕೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಬಂದು ನಿಲ್ಲುವುದು ವಸ್ತುಸಂಗ್ರಹಾಲಯದ ಹಜಾರದಲ್ಲಿ ತಂತಿಯಿಂದ ಬಿಗಿದು ನಿಲ್ಲಿಸಿದ ದೈತ್ಯ ಪ್ರಾಣಿಯ ಎಲುಬುಗೂಡು. ಗಾತ್ರಕ್ಕೆ ಬೆರಗಾಗುವುದು ಮನುಷ್ಯಸ್ವಭಾವ. ಆದರೆ ಭೂಮಿಯ ಪುರಾತನ ಚರಿತ್ರೆಯನ್ನು ನಮಗೆ ಹೆಚ್ಚಾಗಿ ತಿಳಿಸಿಕೊಟ್ಟಿರುವುವು ಅಂಥ ಮಹಾಕಾಯಗಳಲ್ಲ. ಅಂಗೈಯಲ್ಲಿ ಹಿಡಿಯಬಹುದಾದ ಚಿಪ್ಪುಗಳು, ಆ ಚಿಪ್ಪುಗಳಿಗೆ ಅಂಟಿಕೊಂಡು ಬಾಳಿದ ಸಾಸಿವೆಕಾಳಿನಷ್ಟರ ಜೀವಿಗಳು. ಈ ಕೊನೆಯವನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕಲ್ಲಾಗಿಹೋದ ನಾಟಿಲಾಯ್ಡ್ ಚಿಪ್ಪಿನ ಮೇಲೆ ಚುಕ್ಕೆಯಂತೆ, ಗೆರೆಯಂತೆ, ಬಲೆಯಂತೆ ಕಾಣುವ ಈ ಅಂಟುಜೀವಿಗಳು ಯಾವುವು, ಅವನ್ನು ಗುರುತಿಸುವುದು ಹೇಗೆ, ಗುರುತಿಸುವುದರಲ್ಲಿ ತಪ್ಪಿದರೆ ಆಗುವ ನಷ್ಟವೇನು—ಇವು ನಮ್ಮ ಮುಂದಿರುವ ಪ್ರಶ್ನೆಗಳು.

ಮೊದಲು ಚಿಪ್ಪಿನ ಒಡೆಯನ ಪರಿಚಯವಾಗಬೇಕು. ಗಂಡಕೀ ನದಿಯಿಂದ ಬರುವ ಸಾಲಿಗ್ರಾಮವನ್ನು ನಮ್ಮ ಮನೆಗಳಲ್ಲಿ ಅನೇಕರು ನೋಡಿದ್ದಾರೆ. ಅದರೊಳಗಿನ ಚಕ್ರ ಅಮೊನೈಟ್ ಎಂಬ ಕಡಲಪ್ರಾಣಿಯ ಸುರುಳಿಚಿಪ್ಪು. ಅಮೊನೈಟುಗಳಿಗಿಂತ ಹಿಂದಿನ, ಅವುಗಳ ಹಿರಿಯ ದಾಯಾದಿಗಳೆನ್ನಬಹುದಾದ ವರ್ಗ ನಾಟಿಲಾಯ್ಡುಗಳದು. ಅಷ್ಟಪದಿಗಳೂ ಇವೂ ಒಂದೇ ದೊಡ್ಡ ಬಳಗಕ್ಕೆ ಸೇರಿದವು. ಅಮೊನೈಟುಗಳು ಪೂರ್ತಿಯಾಗಿ ಅಳಿದವು. ನಾಟಿಲಾಯ್ಡುಗಳಲ್ಲಿ ನಾಟಿಲಸ್ ಬಳಗದ ಕೆಲವೇ ಜಾತಿಗಳು ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಬೆಚ್ಚನೆಯ ಭಾಗಗಳಲ್ಲಿ ಇಂದಿಗೂ ಬದುಕಿವೆ. ಇಂದಿನ ನಾಟಿಲಸ್ಸಿನ ಚಿಪ್ಪು ಸುರುಳಿಯಾಗಿದೆ. ಪ್ರಾಚೀನರಲ್ಲಿ ಹಲವರ ಚಿಪ್ಪಾದರೋ ನೆಟ್ಟಗಿನ ಕಹಳೆಯಂತೆ, ಒಂದು ತುದಿ ಮೊನಚು, ಇನ್ನೊಂದು ತುದಿ ಅಗಲ. ತುದಿಗೆ ಸಣ್ಣದಾಗುತ್ತ ಹೋಗುವ ಬಿದಿರನ್ನು ಉದ್ದಕ್ಕೆ ಸೀಳಿ ನೋಡಿದರೆ ಗೆಣ್ಣುಗೆಣ್ಣಿಗೂ ಒಂದು ಅಡ್ಡಗೋಡೆ ಕಾಣುತ್ತದೆಯಷ್ಟೆ. ಈ ಚಿಪ್ಪಿನ ಒಳಗೂ ಹಾಗೆಯೇ ಸಾಲುಸಾಲು ಕೋಣೆಗಳು. ಕೊನೆಯ ದೊಡ್ಡ ಕೋಣೆಯಲ್ಲಿ ಪ್ರಾಣಿಯ ವಾಸ. ಹಿಂದಿನ ಕೋಣೆಗಳಲ್ಲಿ ಅನಿಲ. ಕೋಣೆಗಳನ್ನೆಲ್ಲ ಹಾದುಹೋಗುವ ಒಂದು ನಾಳದ ಮೂಲಕ ಅವುಗಳೊಳಗಿನ ದ್ರವವನ್ನು ಹೀರಿ ತೆಗೆದು, ತನ್ನ ಮೈಭಾರವನ್ನು ನೀರಿಗೆ ಸರಿದೂಗಿಸಿಕೊಂಡು ಪ್ರಾಣಿ ತೇಲುತ್ತಿತ್ತು. ಗೇಣುದ್ದದವೂ ಇದ್ದವು, ಆಳುದ್ದವನ್ನು ಮೀರಿದವೂ ಇದ್ದವು.

ಇಂಥ ಚಿಪ್ಪುಗಳಿಗೂ ಅವುಗಳ ಮೇಲಣ ಬಿಡಾರಗಳಿಗೂ ಹೆಸರುವಾಸಿಯಾದ ನೆಲ ಅಮೆರಿಕದ ಸಿನ್ಸಿನಾಟಿ ಪಟ್ಟಣದ ಸುತ್ತಮುತ್ತಲ ಗುಡ್ಡಗಾಡು. ಒಹಾಯೊ, ಕೆಂಟಕಿ, ಇಂಡಿಯಾನಾ ರಾಜ್ಯಗಳು ಸಂಧಿಸುವ ಈ ಪ್ರದೇಶದಲ್ಲಿ ಸುಣ್ಣಕಲ್ಲು, ಜೇಡಿಗಲ್ಲುಗಳ ತೆಳುಪದರಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿವೆ. ಭೂವಿಜ್ಞಾನಿಗಳು ಆರ್ಡೊವಿಷಿಯನ್ ಎಂದು ಕರೆಯುವ ಯುಗದ ಉತ್ತರಾರ್ಧದಲ್ಲಿ, ಎಂದರೆ ಇಂದಿಗೆ ಸುಮಾರು 45 ಕೋಟಿ ವರ್ಷಗಳ ಹಿಂದೆ, ಇದೊಂದು ಆಳವಿಲ್ಲದ ಬೆಚ್ಚನೆಯ ಕಡಲು. ಆಗ ಈ ನೆಲ ಭೂಮಧ್ಯರೇಖೆಗೆ ದಕ್ಷಿಣದಲ್ಲಿತ್ತು. ರಸ್ತೆಗೆಂದು ಗುಡ್ಡ ಕಡಿದಲ್ಲಿ, ಹಳ್ಳ ಕೊರೆದಲ್ಲಿ, ಮಳೆ ಬಂದು ಮಣ್ಣು ತೊಳೆದಲ್ಲಿ ಚಿಪ್ಪುಗಳು ತಾವಾಗಿ ಹೊರಬರುತ್ತವೆ. ಹತ್ತೊಂಬತ್ತನೆಯ ಶತಮಾನದಿಂದ ಇಲ್ಲಿ ಪಳೆಯುಳಿಕೆಗಳನ್ನು ಕೂಡಿಟ್ಟವರು ಹೆಚ್ಚಾಗಿ ವಿದ್ವಾಂಸರಲ್ಲ, ಊರಿನ ಜನ. 1942ರಲ್ಲಿ ಹವ್ಯಾಸಿಗಳು ಕೂಡಿ ಇಲ್ಲೊಂದು ಸಂಘವನ್ನು ಕಟ್ಟಿದರು. ಅದರ ಹೆಸರು ‘ಡ್ರೈ ಡ್ರೆಜರ್ಸ್’. ಒಣನೆಲದ ಮೇಲೆ ನಿಂತು ಕಡಲತಳವನ್ನು ಬಾಚುವವರು ಎಂದು ಅರ್ಥ. ಹೆಸರಿನಲ್ಲಿರುವ ವಿನೋದ ಕೆಲಸದ ನಿಜಸ್ವರೂಪವನ್ನೂ ಹೇಳುತ್ತದೆ.

ಆ ಕಡಲಿನ ತಳ ಬಹುಮಟ್ಟಿಗೆ ಮೆತ್ತನೆಯ ಕೆಸರು. ಒಂದೆಡೆ ನೆಲೆನಿಂತು ಬಾಳುವ ಜೀವಿಗಳು ಮರಿಯಾಗಿದ್ದಾಗ ನೀರಿನಲ್ಲಿ ಈಜಾಡುತ್ತವೆ. ಬೆಳೆಯುವ ಕಾಲ ಬಂದಾಗ ಕಾಲೂರಲು ಅವಕ್ಕೆ ಗಟ್ಟಿಯಾದ ಎಡೆ ಬೇಕು. ಕೆಸರಿನಲ್ಲಿ ಊರಿದರೆ ಹೂತುಹೋಗುವ ಭಯ. ಆದ್ದರಿಂದ ಎಲ್ಲಿ ಒಂದು ಚಿಪ್ಪು ಸಿಕ್ಕಿದರೂ ಅದು ಅವಕ್ಕೆ ದ್ವೀಪವೇ ಸರಿ. ನಮ್ಮ ಮಲೆನಾಡಿನ ಮರಗಳ ಮೇಲೆ ಸೀತಾಳೆದಂಡೆ ಬೆಳೆಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಅದು ಬದನಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ನಿಲ್ಲಲು ಒಂದು ಎಡೆಯನ್ನು ಮಾತ್ರ ಬೇಡುತ್ತದೆ. ಚಿಪ್ಪಿನ ಮೇಲಣ ನಿವಾಸಿಗಳಲ್ಲಿ ಹೆಚ್ಚಿನವು ಈ ಬಗೆಯವು. ನೀರಿನಲ್ಲಿ ತೇಲಿಬರುವ ಕಣಗಳನ್ನು ಸೋಸಿ ತಿಂದು ಬಾಳಿದಂಥವು.

ಇವುಗಳಲ್ಲಿ ಮುಖ್ಯವಾದ ಕೆಲವನ್ನು ಹೆಸರಿಸುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವವು ಬ್ರಯೋಜೋವಗಳು. ಒಂದೊಂದು ಪ್ರಾಣಿಯೂ ಗುಂಡುಸೂಜಿಯ ತಲೆಗಿಂತ ಚಿಕ್ಕದು; ಆದರೆ ಸಾವಿರಾರು ಕೂಡಿ ಒಂದೇ ಸುಣ್ಣದ ಕಟ್ಟಡದಲ್ಲಿ ವಾಸಿಸುತ್ತವೆ. ಕೆಲವು ದೋಸೆಯಂತೆ ಚಿಪ್ಪಿನ ಮೇಲೆ ಹರಡುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಆ ದೋಸೆಯ ಮೇಲೆಲ್ಲ ಸೂಜಿಮೊನೆಯ ತೂತುಗಳು, ಒಂದೊಂದು ತೂತೂ ಒಂದೊಂದು ಪ್ರಾಣಿಯ ಬಾಗಿಲು. ಇನ್ನು ಕೆಲವು ಒಂದರ ಬಾಲಕ್ಕೆ ಇನ್ನೊಂದು ಹುಟ್ಟಿ, ಮಣಿಸರದಂತೆ ಕವಲೊಡೆಯುತ್ತ ಸಾಗುತ್ತವೆ. ಎರಡನೆಯವು ಟೋಪಿಯಂತೆ ಕವುಚಿ ಕುಳಿತ ಬ್ರೇಕಿಯೊಪಾಡ್ ಎಂಬ ಚಿಪ್ಪುಜೀವಿಗಳು. ಮೂರನೆಯವು ಕಾರ್ನುಲೈಟಿಸ್, ಬಳೆಬಳೆಯಾಗಿ ಉಂಗುರ ಪೇರಿಸಿದಂತಿರುವ ಸಣ್ಣ ಕೊಂಬುಗಳು. ನಾಲ್ಕನೆಯವು ಎಡ್ರಿಯೋಆಸ್ಟರಾಯ್ಡುಗಳು: ನಕ್ಷತ್ರಮೀನಿನ ಬಳಗಕ್ಕೆ ಸೇರಿ, ಇಂದು ಪೂರ್ಣವಾಗಿ ಅಳಿದವು, ಸಣ್ಣ ನಾಣ್ಯದ ಮೇಲೆ ಬಾಗಿದ ಐದು ತೋಳುಗಳನ್ನು ಕೆತ್ತಿದಂತೆ ಕಾಣುತ್ತವೆ. ಅಪರೂಪವಾದ್ದರಿಂದ ಸಂಗ್ರಾಹಕರಿಗೆ ಬಲು ಪ್ರಿಯವಾದವು. ಇವಲ್ಲದೆ ಹೊಳೆಯುವ ಕಪ್ಪು ಉಂಗುರಗಳು ಕೆಲವೊಮ್ಮೆ ಸಿಗುತ್ತವೆ. ಇವು ಸ್ಫೀನೋಥಾಲಸ್ ಎಂಬ ನಾಳಜೀವಿಯ ಪಾದ ಮಾತ್ರ. ಮೇಲಿನ ನಾಳ ಮುರಿದು ಹೋಗಿ, ಅಂಟಿಕೊಂಡ ಬುಡವಷ್ಟೇ ಉಳಿದಿದೆ.

ಗುರುತಿಸುವ ಕೆಲಸದ ಮೊದಲ ಹೆಜ್ಜೆ ಬಹಳ ಸರಳವಾದದ್ದು: ಕಾಣುತ್ತಿರುವುದು ಪಳೆಯುಳಿಕೆ ಹೌದೇ, ಅಲ್ಲವೇ? ನಮ್ಮ ಹಳ್ಳಿಗಳ ವೀರಗಲ್ಲುಗಳ ಮೇಲೆ ಕಲ್ಲುಹೂವು ಹಬ್ಬಿ ಅಕ್ಷರಗಳನ್ನು ಮರೆಮಾಡಿರುವುದನ್ನು ಶಾಸನ ಓದುವವರು ಬಲ್ಲರು. ಬಯಲಿನಲ್ಲಿ ಬಿದ್ದ ಚಿಪ್ಪಿನ ಮೇಲೂ ಅದೇ ಬಗೆಯ ಕಲ್ಲುಹೂವು ಇಂದಿನ ಗಾಳಿಮಳೆಯಲ್ಲಿ ಬೆಳೆದು, 45 ಕೋಟಿ ವರ್ಷ ಹಳೆಯ ನಿವಾಸಿಯಂತೆ ನಟಿಸಬಲ್ಲುದು. ಇನ್ನೊಂದು ಮೋಸ ಮ್ಯಾಂಗನೀಸ್ ಆಕ್ಸೈಡುಗಳದು. ಕಲ್ಲಿನ ಸಂದಿಯಲ್ಲಿ ಇಳಿದ ನೀರು ಈ ಆಕ್ಸೈಡನ್ನು ಕಪ್ಪು ಜರೀಗಿಡದ ಎಲೆಯಂತೆ ಹರಡಿಬಿಡುತ್ತದೆ. ನೋಡಿದವರು ಗಿಡವೆಂದೇ ನಂಬುತ್ತಾರೆ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಆ ಗುರುತು ಚಿಪ್ಪಿನ ಅಂಚಿಗೆ ಬಂದು ನಿಲ್ಲುತ್ತದೆಯೋ, ಇಲ್ಲ ಚಿಪ್ಪನ್ನು ದಾಟಿ ಸುತ್ತಲಿನ ಕಲ್ಲಿನ ಮೇಲೂ, ಹೊಸದಾಗಿ ಒಡೆದ ಬಿರುಕಿನ ಮೇಲೂ ನಿಶ್ಚಿಂತೆಯಿಂದ ಸಾಗುತ್ತದೆಯೋ ನೋಡಬೇಕು. ಕಡಲತಳದ ನಿವಾಸಿಗೆ ಇಂದಿನ ಬಿರುಕು ತಿಳಿದಿರಲಾರದು.

ಎರಡನೆಯ ಹೆಜ್ಜೆ ಹೆಸರಿಡುವುದು. ತೊಡಕು ಹುಟ್ಟುವುದು ಇಲ್ಲಿಯೇ. ನಾವು ಸಹಜವಾಗಿ ಹೋಲಿಕೆಯನ್ನು ನಂಬುತ್ತೇವೆ: ಬಲೆಯಂತಿದ್ದರೆ ಇಂಥದು, ಸುರುಳಿಯಂತಿದ್ದರೆ ಇಂಥದು. ಆದರೆ ಒಂದೇ ಕಷ್ಟವನ್ನು ಎದುರಿಸುವ ಬೇರೆಬೇರೆ ಕುಲದ ಜೀವಿಗಳು ಒಂದೇ ಆಕಾರವನ್ನು ತಾಳುವುದುಂಟು. ಅಂಟಿಕೊಂಡು ಬಾಳುವುದು ಅಂಥ ಕಷ್ಟಗಳಲ್ಲೊಂದು. ಆದ್ದರಿಂದ ಈ ಕ್ಷೇತ್ರದಲ್ಲಿ ಹೊರಗಿನ ಆಕಾರದಷ್ಟು ವಂಚಿಸುವ ಸಾಕ್ಷಿ ಇನ್ನೊಂದಿಲ್ಲ. ಎರಡು ಪ್ರಸಂಗಗಳಿಂದ ಇದನ್ನು ವಿಶದಪಡಿಸಬಹುದು.

ಮೊದಲನೆಯದು ಸಿನ್ಸಿನಾಟಿಯ ಕಲ್ಲುಗಳಿಗೇ ಸಂಬಂಧಿಸಿದ್ದು. ಚಿಪ್ಪುಗಳ ಮೇಲೆ ದೋಸೆಯಂತೆ ಹರಡಿದ, ಅಲ್ಲಲ್ಲಿ ಸಣ್ಣ ಗುಬ್ಬಿಗಳೆದ್ದ ಈ ಹೊದಿಕೆಗಳು ಹವಳಗಳೇ, ಬ್ರಯೋಜೋವಗಳೇ ಎಂಬ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಚರ್ಚೆ ನಡೆಯಿತು. ಎರಡಕ್ಕೂ ಇರುವ ಅಂತರ ಅಲ್ಪವಲ್ಲ. ಹವಳದ ಪ್ರಾಣಿಗೆ ಬಾಯೊಂದೇ ದ್ವಾರ. ಬ್ರಯೋಜೋವಕ್ಕೆ ಬಾಯಿಂದ ಗುದದವರೆಗೆ ಪೂರ್ಣ ಅನ್ನನಾಳವಿದೆ. ಆದರೆ ಮೆದುಮೈ ಕೊಳೆತುಹೋದ ಮೇಲೆ ಉಳಿಯುವುದು ನಾಳಗಳ ಒಂದು ಕಂತೆ ಮಾತ್ರ. ಅದು ಎರಡರಲ್ಲೂ ಒಂದೇ ತೆರನಾಗಿ ಕಾಣಬಹುದು. ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಹೆನ್ರಿ ಆಲೀನ್ ನಿಕಲ್ಸನ್ ಈ ಕಲ್ಲುಗಳನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 1881ರಲ್ಲಿ ಒಂದು ಗ್ರಂಥವನ್ನೇ ಬರೆದ; ಅವು ಹವಳಗಳ ಬಳಗವೆಂಬುದು ಅವನ ಮತ. ಸಿನ್ಸಿನಾಟಿಯಲ್ಲೇ ಹುಟ್ಟಿ ಬೆಳೆದ ಇ. ಓ. ಉಲ್ರಿಕ್ ಅದನ್ನು ಒಪ್ಪದೆ, 1882ರಿಂದ ಪ್ರಕಟಿಸಿದ ಲೇಖನಮಾಲೆಯಲ್ಲಿ ಅವು ಬ್ರಯೋಜೋವಗಳೆಂದು ಪ್ರತಿಪಾದಿಸಿದ. ಇಬ್ಬರೂ ಸೂಕ್ಷ್ಮವಾಗಿಯೇ ನೋಡಿದ್ದರು. ಒಂದೇ ಬಗೆಯ ತೆಳುಪದರ ಇಬ್ಬರಿಗೂ ಬೇರೆಬೇರೆ ಉತ್ತರ ಕೊಟ್ಟಿತು.

ವಾದ ಇತ್ಯರ್ಥವಾದದ್ದು ಮೂವತ್ತು ವರ್ಷಗಳ ತರುವಾಯ. ಇಂಡಿಯಾನಾದ ಎಡ್ಗರ್ ಕಮಿಂಗ್ಸ್ ಬೇರೊಂದು ದಾರಿ ಹಿಡಿದ. ಬೆಳೆದ ಸಮೂಹವನ್ನು ನೋಡುವುದಕ್ಕೆ ಬದಲಾಗಿ, ಅದು ಹುಟ್ಟಿದ ಎಡೆಯನ್ನು ಹುಡುಕಿದ. ಈಜಾಡುತ್ತಿದ್ದ ಒಂದೇ ಒಂದು ಮರಿ ಬಂದು ಅಂಟಿಕೊಂಡ ಜಾಗ ಹೊದಿಕೆಯ ಬುಡದಲ್ಲಿ ಎಲ್ಲೋ ಅಡಗಿರುತ್ತದೆ. ಅಲ್ಲಿ ಒಂದು ದುಂಡನೆಯ ಪುಟ್ಟ ತಟ್ಟೆ, ಅದರಿಂದ ಹೊರಟ ಮೊದಲ ನಾಳ, ಅದರಿಂದ ಕವಲೊಡೆದ ಮುಂದಿನವು ಅವನಿಗೆ ಕಂಡವು. ಇಂದು ಬದುಕಿರುವ ಬ್ರಯೋಜೋವಗಳಲ್ಲಿ ಒಂದು ಪಂಗಡ ತನ್ನ ಸಂಸಾರವನ್ನು ಆರಂಭಿಸುವುದು ಹೀಗೆಯೇ. 1912ರಲ್ಲಿ ಕಮಿಂಗ್ಸ್ ತನ್ನ ಫಲಿತಾಂಶವನ್ನು ಪ್ರಕಟಿಸಿದ. ಬೆಳೆದ ಮೇಲೆ ಕಂಡುಬಂದ ಹೋಲಿಕೆ ಹೇಳಲಾರದೆ ಹೋದುದನ್ನು ಹುಟ್ಟಿನ ರೀತಿ ಹೇಳಿತು.

ಎರಡನೆಯ ಪ್ರಸಂಗ ಇನ್ನೂ ಸ್ವಾರಸ್ಯವಾದದ್ದು. ತಪ್ಪು ಹೆಸರಿನಿಂದ ಆಗುವ ಅನರ್ಥಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಆರ್ಡೊವಿಷಿಯನ್ನಿನ ಕೊನೆಭಾಗದಿಂದ ಮುಂದಕ್ಕೆ, ಹಲವು ಬಗೆಯ ಚಿಪ್ಪುಗಳ ಮೇಲೆ, ಸೀಮೆಸುಣ್ಣದ ಪುಟ್ಟ ಜಿಲೇಬಿಯಂತೆ ಸುತ್ತಿಕೊಂಡ ಸುರುಳಿನಾಳಗಳು ಸಿಗುತ್ತವೆ. ಅಡ್ಡಳತೆ ಕೆಲವು ಮಿಲಿಮೀಟರ್ ಇದ್ದರೆ ಹೆಚ್ಚು. ಇಂದಿನ ಕಡಲುಗಳಲ್ಲಿ ಕಲ್ಲಿಗೂ ಕಡಲಸಸ್ಯಕ್ಕೂ ಅಂಟಿಕೊಂಡು ಬಾಳುವ ಸ್ಪೈರಾರ್ಬಿಸ್ ಎಂಬ ಹುಳುವಿನ ಕವಚ ಥೇಟ್ ಹೀಗೆಯೇ ಇರುತ್ತದೆ. ಆದ್ದರಿಂದ ನೂರೈವತ್ತು ವರ್ಷಕ್ಕೂ ಮಿಕ್ಕು ಪುರಾತನ ಸುರುಳಿಗಳನ್ನೂ ಎಲ್ಲರೂ ಸ್ಪೈರಾರ್ಬಿಸ್ ಎಂದೇ ಬರೆದರು. ಯಾರಿಗೂ ಸಂಶಯ ಬರಲು ಕಾರಣವಿರಲಿಲ್ಲ.

1990ರ ದಶಕದಲ್ಲಿ ಮೈಕೇಲ್ ವೀಡನ್ ಈ ಸುರುಳಿಗಳ ಗೋಡೆಯನ್ನು ಪ್ರಬಲವಾದ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಹುಳುವಿನ ಕವಚದ ಗೋಡೆ ಕಟ್ಟಿರುವ ಬಗೆಯೇ ಬೇರೆ, ಈ ಪ್ರಾಚೀನ ಗೋಡೆಯ ಬಗೆಯೇ ಬೇರೆ ಎಂಬುದು ಗೊತ್ತಾಯಿತು. ಹಳೆಯದರಲ್ಲಿ ಒಂದರ ಮೇಲೊಂದು ಒತ್ತಾಗಿ ಪೇರಿಸಿದ ನಯವಾದ ಪದರಗಳು. ಕೆಲವು ಜಾತಿಗಳಲ್ಲಿ ಆ ಪದರಗಳ ನಡುವೆ ಅತಿಸೂಕ್ಷ್ಮ ರಂಧ್ರಗಳು. 2006ರಲ್ಲಿ ಲಂಡನ್ನಿನ ಪಾಲ್ ಟೇಲರ್ ಮತ್ತು ಎಸ್ಟೋನಿಯದ ಓಲೆವ್ ವಿನ್ ಈ ಸಾಕ್ಷ್ಯವನ್ನೆಲ್ಲ ಒಟ್ಟುಗೂಡಿಸಿ ತೀರ್ಮಾನ ಹೇಳಿದರು. ಪ್ರಾಚೀನ ಸುರುಳಿಗಳು ಹುಳುಗಳಲ್ಲ. ಮೈಕ್ರೋಕಾಂಕಿಡ್ ಎಂಬ ಬೇರೆಯೇ ಅಳಿದ ಬಳಗ. ಹುಟ್ಟಿನಲ್ಲೂ ವ್ಯತ್ಯಾಸವಿತ್ತು. ಮೈಕ್ರೋಕಾಂಕಿಡ್ ತನ್ನ ನಾಳವನ್ನು ಮುಚ್ಚಿದ ಒಂದು ಪುಟ್ಟ ಗುಳ್ಳೆಯಿಂದ ಆರಂಭಿಸುತ್ತದೆ. ಸ್ಪೈರಾರ್ಬಿಸ್ಸಿನದು ಮೊದಲಿನಿಂದಲೇ ತೆರೆದ ನಾಳ. ಮೈಕ್ರೋಕಾಂಕಿಡುಗಳು ಜುರಾಸಿಕ್ ಯುಗದ ಮಧ್ಯಭಾಗದಲ್ಲಿ ಅಳಿದವು. ನಿಜವಾದ ಸ್ಪೈರಾರ್ಬಿಸ್ ಬಳಗ ನಿಸ್ಸಂಶಯವಾಗಿ ಕಾಣಿಸಿಕೊಳ್ಳುವುದು ಅದಕ್ಕೂ ಈಚಿನ ಕ್ರಿಟೇಶಸ್ ಯುಗದಲ್ಲಿ. ಒಂದು ಮನೆಯವರು ಬಿಟ್ಟುಹೋದ ವಠಾರಕ್ಕೆ ಅದೇ ಬಗೆಯ ಉಡುಪಿನ ಬೇರೆ ಮನೆತನದವರು ಬಂದು ಸೇರಿದಂತಾಯಿತು.

ಹೆಸರು ಬದಲಾದರೆ ಏನಾಯಿತು ಎಂದು ಯಾರಾದರೂ ಕೇಳಬಹುದು. ಇಂದಿನ ಸ್ಪೈರಾರ್ಬಿಸ್ ಕಡಲಿನ ಜೀವಿ. ಕಲ್ಲಿದ್ದಲು ಯುಗದ ಸಸ್ಯಾವಶೇಷಗಳ ಮೇಲೂ ಇಂಥದೇ ಸುರುಳಿಗಳು ಬ್ರಿಟನ್ನಿನಲ್ಲಿ, ಕೆನಡದ ನೋವಾ ಸ್ಕೋಶಿಯದಲ್ಲಿ ಸಿಕ್ಕಿವೆ. ಅವು ಸ್ಪೈರಾರ್ಬಿಸ್ ಎಂದ ಮೇಲೆ, ಆ ಕಾಡುಜೌಗುಗಳಿಗೆ ಕಡಲಿನ ಉಪ್ಪುನೀರು ಬಂದು ಸೇರುತ್ತಿದ್ದಿರಬೇಕು ಎಂಬ ವಾದಕ್ಕೆ ಎಡೆಯಾಯಿತು. ಆದರೆ ಮೈಕ್ರೋಕಾಂಕಿಡುಗಳು ಸಿಹಿನೀರಿನಲ್ಲಿಯೂ ಬಾಳಬಲ್ಲವಾಗಿದ್ದವು. ಉಪ್ಪುನೀರು ಅಲ್ಲಿ ಇರಲೇ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದಕ್ಕೆ ಕೊಟ್ಟಿದ್ದ ಸಾಕ್ಷಿ ಮಾತ್ರ ಬಿದ್ದುಹೋಯಿತು. ಸಾಸಿವೆಯಷ್ಟರ ಸುರುಳಿಗೆ ಇಟ್ಟ ಒಂದು ಹೆಸರು, ಕಾಡಿನ ಮಧ್ಯಕ್ಕೆ ಕಡಲನ್ನೇ ಕರೆತಂದಿತ್ತು. ಹೆಸರಿಡುವುದು ಬರಿಯ ಚೀಟಿ ಅಂಟಿಸುವ ಕೆಲಸವಲ್ಲವೆಂಬುದಕ್ಕೆ ಇನ್ನೇನು ಬೇಕು?

ಟೋಪಿಯಂತೆ ಕವುಚಿದ ಬ್ರೇಕಿಯೊಪಾಡುಗಳಲ್ಲಿ ಇನ್ನೊಂದು ವಂಚನೆಯುಂಟು. ಪೆಟ್ರೋಕ್ರೇನಿಯ ಎಂಬುದು ತನ್ನ ಕೆಳಚಿಪ್ಪನ್ನು ಪೂರ್ತಿಯಾಗಿ ಆಸರೆಗೆ ಅಂಟಿಸಿಬಿಡುತ್ತದೆ. ಆಸರೆಯಾದ ಚಿಪ್ಪಿನ ಮೇಲೆ ಏಣುಗಳಿದ್ದರೆ ಆ ಏಣುಗಳೇ ಇದರ ಮೇಲ್ಚಿಪ್ಪಿನಲ್ಲೂ ಮೂಡುತ್ತವೆ; ನಯವಾದ ಆಸರೆಯಾದರೆ ಇದೂ ನಯವಾಗುತ್ತದೆ. ಮಂಚದ ಹುರಿಯ ಗುರುತು ಹೊದ್ದ ಬಟ್ಟೆಯ ಮೇಲೆ ಎದ್ದು ಕಾಣುವಂತೆ. ಅಲ್ಲಿ ಕಾಣುವ ಅಲಂಕಾರ ಅದರ ಸ್ವಂತದ್ದಲ್ಲ. ಇದನ್ನು ಅರಿಯದವರು ಒಂದೇ ಜಾತಿಯನ್ನು ಎರಡೆಂದು ಬಗೆಯುವುದು ಸುಲಭ.

ಹೀಗೆ ‘ಯಾರು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆನ್ನೋಣ. ಅಷ್ಟಕ್ಕೇ ಗುರುತಿಸುವ ಕೆಲಸ ಮುಗಿಯುವುದಿಲ್ಲ. ‘ಯಾವಾಗ ಬಂದರು’ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಮೂವತ್ತು ವರ್ಷಕ್ಕೂ ಮಿಕ್ಕು ಕನ್ನಡ ಪಾಠ ಹೇಳಿದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಗ್ರಂಥಸಂಪಾದನೆ ಮಾಡುವವನ ಮುಂದೆಯೂ ಇದೇ ಸಮಸ್ಯೆ ಇರುತ್ತದೆ. ಓಲೆಗರಿಯಲ್ಲಿ ಹುಳು ಕೊರೆದ ಒಂದು ತೂತಿದೆ. ಲಿಪಿಕಾರ ಆ ತೂತನ್ನು ತಪ್ಪಿಸಿ ಅಕ್ಷರಗಳನ್ನು ಅತ್ತಿತ್ತ ಬರೆದಿದ್ದರೆ ತೂತು ಬರಹಕ್ಕಿಂತ ಹಿಂದಿನದು. ತೂತು ಅಕ್ಷರವನ್ನೇ ನುಂಗಿದ್ದರೆ ಅದು ಬರಹಕ್ಕಿಂತ ಈಚಿನದು. ಅಂಚಿನಲ್ಲಿ ಬರೆದ ಟಿಪ್ಪಣಿ ಕವಿಯದೋ, ಲಿಪಿಕಾರನದೋ, ನಡುವೆ ಓದಿದ ಯಾರೋ ಪುಣ್ಯಾತ್ಮನದೋ ಎಂಬುದನ್ನು ನಾವು ಹೀಗೆಯೇ ನಿರ್ಣಯಿಸುತ್ತೇವೆ. ಚಿಪ್ಪಿನ ವಿಷಯದಲ್ಲೂ ನ್ಯಾಯ ಅದೇ. ಚಿಪ್ಪಿನಲ್ಲಿ ಟ್ರೈಪನೈಟಿಸ್ ಎಂಬ ಸಣ್ಣ ಕೊರೆತಗಳು ಸಿಗುತ್ತವೆ. ಇದು ಕೊರೆದವನ ಹೆಸರಲ್ಲ, ಕೊರೆತದ ಹೆಸರು; ಕರ್ತೃ ಸಿಗದಾಗ ಕ್ರಿಯೆಗೆ ಮಾತ್ರ ಹೆಸರಿಡುವುದು ಈ ಶಾಸ್ತ್ರದ ಮರ್ಯಾದೆ. ಕೊರೆತ ಬ್ರಯೋಜೋವದ ಹೊದಿಕೆಯನ್ನು ಸೀಳಿ ಕೆಳಗಿಳಿದಿದ್ದರೆ ಹೊದಿಕೆ ಮೊದಲು. ಹೊದಿಕೆ ಕೊರೆತದೊಳಗೆ ಇಳಿದು ಗೋಡೆಯನ್ನು ಮುಚ್ಚಿದ್ದರೆ ಕೊರೆತ ಮೊದಲು.

ಆದರೆ ನಿಜವಾಗಿ ತಿಳಿಯಬೇಕಾದ್ದು, ಈ ಬಿಡಾರಗಳು ಬಂದಾಗ ಮನೆಯ ಯಜಮಾನ ಬದುಕಿದ್ದನೇ, ಸತ್ತಿದ್ದನೇ ಎಂಬುದು. ಚಿಪ್ಪು ಸತ್ತು ಕೆಸರಿನ ಮೇಲೆ ಬಿದ್ದಿದ್ದರೆ ಮೇಲ್ಮೊಗದಲ್ಲಿ ಮಾತ್ರ ನಿವಾಸಿಗಳಿರುತ್ತವೆ. ಪ್ರಾಣಿ ವಾಸವಾಗಿದ್ದ ಕೋಣೆಯ ಒಳಗೋಡೆಗೆ ಅಂಟಿಕೊಂಡಿದ್ದರೆ ಯಜಮಾನ ಇಲ್ಲವಾಗಿದ್ದನೆಂಬುದು ನಿಶ್ಚಯ. ಅದಕ್ಕೆ ಬದಲಾಗಿ ಹೊದಿಕೆ ಚಿಪ್ಪಿನ ಸುತ್ತಲೂ ಒಂದೇ ಸಮನಾಗಿ ಹಬ್ಬಿದ್ದರೆ, ಆ ಚಿಪ್ಪು ಕೆಸರಿನಲ್ಲಿ ಒರಗಿರದೆ ನೀರಿನಲ್ಲಿ ತೇಲುತ್ತಿದ್ದಿರಬೇಕು. ಇಲ್ಲಿಯೂ ಆತುರ ಸಲ್ಲದು. ಸತ್ತ ನಾಟಿಲಸ್ಸಿನ ಬರಿಯ ಚಿಪ್ಪು ಅನಿಲ ತುಂಬಿದ್ದರಿಂದ ಎಷ್ಟೋ ದೂರ ತೇಲಿ, ಆ ಪ್ರಾಣಿ ವಾಸಿಸದ ತೀರಗಳನ್ನೂ ಮುಟ್ಟುತ್ತದೆ. ಅಲೆಗಳಲ್ಲಿ ಉರುಳಿದ ಚಿಪ್ಪಿಗೂ ಎಲ್ಲ ಮಗ್ಗುಲಿಂದ ಅಂಟಿಕೊಳ್ಳಲು ಸಾಧ್ಯ. ಆದ್ದರಿಂದ ಇನ್ನೂ ಸಾಕ್ಷಿ ಬೇಕು: ಹೊದಿಕೆ ಬೆಳೆದ ದಿಕ್ಕು ಯಾವುದು? ಚಿಪ್ಪಿನ ಬಾಯಿ ಮುಂದಕ್ಕೆ ಬೆಳೆದಂತೆಲ್ಲ ಅದೂ ಹಿಂದೆಯೇ ಬೆಳೆಯಿತೇ? ಒಂದೇ ಬಗೆಯ ನಿವಾಸಿ ಒಂದೇ ಬಗೆಯ ಚಿಪ್ಪನ್ನು ಪದೇಪದೇ ಆರಿಸಿಕೊಂಡಿದೆಯೇ?

ಸಿನ್ಸಿನಾಟಿಯ ಟ್ರೆಪ್ಟೊಸೆರಾಸ್ ಮುಂತಾದ ನೇರಚಿಪ್ಪಿನ ನಾಟಿಲಾಯ್ಡುಗಳ ಕಾಲದಲ್ಲಿ ಬಾಳಿದ ಸ್ಪೇಷಿಯೋಪೋರ ಎಂಬ ಬ್ರಯೋಜೋವವನ್ನು ಈ ಕಾರಣಕ್ಕೆ ನೆನೆಯಬೇಕು. ನೆಟ್ಟಗಿನ ನಾಟಿಲಾಯ್ಡ್ ಚಿಪ್ಪೇ ಅದಕ್ಕೆ ಮೆಚ್ಚಿನ ನೆಲೆ. ತೆಳ್ಳಗಿನ ಹಾಳೆಯಂತೆ ಚಿಪ್ಪನ್ನು ಸುತ್ತುವರಿಯುತ್ತದೆ. ಅದರ ಮೇಲಣ ಗುಬ್ಬಿಗಳು ದುಂಡಗಿರದೆ ಚಿಪ್ಪಿನ ಉದ್ದಕ್ಕೆ ಸರಿಯಾಗಿ ನೀಳವಾಗಿರುತ್ತವೆ. 1989ರಲ್ಲಿ ಗಾರ್ಡನ್ ಬೇರ್ಡ್, ಕಾರ್ಲ್‌ಟನ್ ಬ್ರೆಟ್, ರಾಬರ್ಟ್ ಫ್ರೇ ಎಂಬ ಮೂವರು ಇಂಥ ಸವಾರರ ಸಾಕ್ಷ್ಯವನ್ನೆಲ್ಲ ತೂಗಿನೋಡಿದ ಪ್ರಬಂಧವೊಂದನ್ನು ಪ್ರಕಟಿಸಿದರು. ಜೀವಂತ ನಾಟಿಲಾಯ್ಡುಗಳ ಮೇಲೆ ಕೆಲವು ಅಂಟುಜೀವಿಗಳು ಸವಾರಿ ಮಾಡುತ್ತಿದ್ದವೆಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿತು. ಇಂದು ಬದುಕಿರುವ ನಾಟಿಲಸ್ಸಿನ ಚಿಪ್ಪಿನ ಮೇಲೆಯೂ ಬ್ರಯೋಜೋವಗಳಂಥ ಸಣ್ಣ ನಿವಾಸಿಗಳನ್ನು ವಿಜ್ಞಾನಿಗಳು ಕಂಡು ದಾಖಲಿಸಿದ್ದಾರೆ. ನಾಟಿಲಾಯ್ಡಿನ ಮೆದುಮೈ ಕಲ್ಲಿನಲ್ಲಿ ಉಳಿದಿಲ್ಲ. ಅದು ಹೇಗೆ ಈಜಿತು, ಚಿಪ್ಪನ್ನು ಹೇಗೆ ಹಿಡಿದುಕೊಂಡಿತು ಎಂಬುದನ್ನು ಅದು ತಾನಾಗಿ ಹೇಳಲಾರದು. ಮೇಲೆ ಕುಳಿತಿದ್ದ ಅತಿಥಿ ತನ್ನ ಬೆಳವಣಿಗೆಯ ದಿಕ್ಕಿನಿಂದ ಅದನ್ನು ಹೇಳುತ್ತದೆ.

ಅತಿಥಿ ಮಾಡಿರುವ ಉಪಕಾರ ಇನ್ನೂ ಒಂದುಂಟು. ನಾಟಿಲಾಯ್ಡಿನ ಚಿಪ್ಪು ಅರಗೊನೈಟ್ ಎಂಬ ಖನಿಜದ್ದು. ಬ್ರಯೋಜೋವ ಮೊದಲಾದ ನಿವಾಸಿಗಳದು ಹೆಚ್ಚಾಗಿ ಕ್ಯಾಲ್ಸೈಟ್. ಎರಡೂ ಸುಣ್ಣವೇ, ಆದರೆ ಮೊದಲನೆಯದು ಬೇಗ ಕರಗುವಂಥದು. ಆರ್ಡೊವಿಷಿಯನ್ ಕಡಲಿನಲ್ಲಿ ಅರಗೊನೈಟ್ ಚಿಪ್ಪುಗಳು ಕಡಲತಳದಲ್ಲಿರುವಾಗಲೇ ಕರಗಿಹೋಗುತ್ತಿದ್ದವೆಂದು 1988ರಲ್ಲಿ ಪಾಮರ್, ಹಡ್ಸನ್, ವಿಲ್ಸನ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು; ಅವರ ಸಾಕ್ಷಿಗಳೂ ಈ ಅಂಟುಜೀವಿಗಳೇ. ಚಿಪ್ಪು ಕರಗಿದ ಮೇಲೆ ಉಳಿದದ್ದು ಅದರೊಳಗೆ ತುಂಬಿ ಗಟ್ಟಿಯಾದ ಕೆಸರಿನ ಅಚ್ಚು ಮತ್ತು ಅದರ ಮೇಲೆ ಬಂದು ಕುಳಿತ ಹೊದಿಕೆ. ಇಂಥ ಹೊದಿಕೆಯ ತಳಭಾಗವನ್ನು ನೋಡಬೇಕು. ಅಲ್ಲಿ ಚಿಪ್ಪಿನ ಹೊರಮೈಯ ಸೂಕ್ಷ್ಮ ಗೆರೆಗಳು ಮೂಡಿದ್ದರೆ ಅದು ಚಿಪ್ಪು ಇದ್ದಾಗ ಬಂದ ಅತಿಥಿ. ಒಳಗಿನ ಅಡ್ಡಗೋಡೆಗಳ ಹೊಲಿಗೆಗೆರೆಗಳು ಮೂಡಿದ್ದರೆ ಚಿಪ್ಪು ಕರಗಿ ಕೆಸರಿನ ಅಚ್ಚು ಬಯಲಾದ ಮೇಲೆ ಬಂದದ್ದು. ಮೊದ&#3249;ನೆಯ ಬಗೆಯದರಲ್ಲಿ, ಮನೆ ಅಳಿದುಹೋದರೂ ಮನೆಯ ಗೋಡೆಯ ಚಿತ್ತಾರವನ್ನು ಅತಿಥಿ ತನ್ನ ಅಂಗಾಲಿನಲ್ಲಿ ಉಳಿಸಿಕೊಂಡಿದೆ. ಸುಣ್ಣದ ಕವಚವೇ ಇಲ್ಲದ ಮೆದುಜೀವಿಗಳು ಕೂಡ, ಗಟ್ಟಿಕವಚದ ನೆರೆಯವರು ತಮ್ಮ ಮೇಲೆ ಹಬ್ಬಿದ ಕಾರಣದಿಂದ, ಅವರ ತಳದಲ್ಲಿ ಅಚ್ಚೊತ್ತಿ ಉಳಿದಿರುವುದುಂಟು. ಅವುಗಳಿಗೆ ಬೇರೆ ಯಾವ ದಾಖಲೆಯೂ ಇಲ್ಲ.

ಇಷ್ಟೆಲ್ಲ ಸಾಕ್ಷ್ಯ ಇರುವುದು ಚಿಪ್ಪಿನ ಹೊರಮೈಯಲ್ಲಿ, ಒಂದೆರಡು ಮಿಲಿಮೀಟರ್ ದಪ್ಪದಲ್ಲಿ. ಪಳೆಯುಳಿಕೆಯನ್ನು ಅಂದಗೊಳಿಸಬೇಕೆಂಬ ಹುಮ್ಮಸ್ಸಿನಲ್ಲಿ ತಂತಿಬ್ರಷ್ಷಿನಿಂದ ಉಜ್ಜುವವರು, ಹೊಳಪು ಬರಲೆಂದು ಆಮ್ಲದಲ್ಲಿ ಅದ್ದುವವರು ಮೊದಲು ಕಳೆಯುವುದು ಇದನ್ನೇ. ನಿವಾಸಿಗಳು ಸುಣ್ಣದವಾದ್ದರಿಂದ ಮನೆಯ ವಿನಿಗರ್ ಕೂಡ ಅವಕ್ಕೆ ಮೃತ್ಯುವೇ. ದೊಡ್ಡದನ್ನು ಶುದ್ಧಮಾಡುವ ಆತುರದಲ್ಲಿ ಸಣ್ಣದು ಅಳಿಯುತ್ತದೆ. ದೊಡ್ಡದರ ಚರಿತ್ರೆಯೂ ಅದರೊಡನೆ ಅಳಿಯುತ್ತದೆ. ನೀರು, ಮೃದುವಾದ ಬ್ರಷ್ಷು, ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಒಂದು ಭೂತಗನ್ನಡಿ, ಪಕ್ಕದಿಂದ ಓರೆಯಾಗಿ ಬೀಳುವ ದೀಪದ ಬೆಳಕು—ಇಷ್ಟಿದ್ದರೆ ಹವ್ಯಾಸಿಗೆ ಸಾಕು. ಶಾಸನದ ಸವೆದ ಅಕ್ಷರ ಓರೆಬೆಳಕಿನಲ್ಲಿ ಎದ್ದು ಕಾಣುವಂತೆ ಈ ನಿವಾಸಿಗಳೂ ಕಾಣುತ್ತವೆ. ಗೋಡೆಯ ರಚನೆಯನ್ನು ಕಾಣಬೇಕಾದರೆ ಕಲ್ಲನ್ನು ಕೊಯ್ದು ಉಜ್ಜಬೇಕು. ಅದು ಪ್ರಯೋಗಶಾಲೆಯವರ ಕೆಲಸ.

ಕರ್ನಾಟಕದ ಶಿಲೆಗಳಲ್ಲಿ ಬಹುಪಾಲು ಇಂಥ ಜೀವಿಗಳು ಹುಟ್ಟುವುದಕ್ಕೂ ಮುಂಚೆ ರೂಪುಗೊಂಡವಾದ್ದರಿಂದ ನಾಟಿಲಾಯ್ಡುಗಳನ್ನು ನಾವು ಇಲ್ಲಿ ಹುಡುಕಿ ಫಲವಿಲ್ಲ. ಆದರೆ ನೆರೆಯ ತಮಿಳುನಾಡಿನ ತಿರುಚಿರಾಪಳ್ಳಿ, ಅರಿಯಲೂರು ಸೀಮೆಯಲ್ಲಿ ಕ್ರಿಟೇಶಸ್ ಕಡಲಿನ ಪದರಗಳಿವೆ. ಅಲ್ಲಿನ ನಾಟಿಲಾಯ್ಡುಗಳನ್ನು ಎಚ್. ಎಫ್. ಬ್ಲಾನ್‌ಫರ್ಡ್ 1860ರ ದಶಕದ ಆರಂಭದಲ್ಲೇ ವರ್ಣಿಸಿದ್ದ. ಯಾವ ಊರಿನ ಚಿಪ್ಪೇ ಕೈಗೆ ಬಂದರೂ ಅದರ ಜೊತೆಯ ಚೀಟಿಯಲ್ಲಿ ಏನು ಬರೆಯಬೇಕೆಂಬುದು ಮುಖ್ಯ. ಗೊತ್ತಿಲ್ಲದ ಕುಲನಾಮವನ್ನು ಹೋಲಿಕೆಯ ಬಲದಿಂದ ಬರೆಯುವುದಕ್ಕಿಂತ ‘ಬ್ರಯೋಜೋವ, ಹಾಳೆಯಂತೆ ಹರಡಿದೆ, ಚಿಪ್ಪಿನ ಸುತ್ತಲೂ ಇದೆ, ಬಾಯಿಯ ಅಂಚಿಗೆ ಅರ್ಧ ಅಂಗುಲ ಹಿಂದೆ ನಿಂತಿದೆ, ಅದರ ಮೇಲೆ ಒಂದು ಸುರುಳಿನಾಳ, ಹೆಸರು ತಿಳಿಯದು, ಸಿಕ್ಕಿದ ಸ್ಥಳ ಇಂಥದು, ಪದರ ಇಂಥದು’ ಎಂದು ಕಂಡದ್ದನ್ನು ಕಂಡಂತೆ ಬರೆದಿಡುವುದು ಮೇಲು. ಸ್ಪೈರಾರ್ಬಿಸ್ ಎಂದು ತಪ್ಪು ಬರೆದವರ ಸಂಗ್ರಹಗಳೂ ಕೊನೆಗೆ ಉಪಯೋಗಕ್ಕೆ ಬಂದವು. ಏಕೆಂದರೆ ಅವರು ಆ ಸುರುಳಿಗಳನ್ನು ಉಜ್ಜಿ ತೆಗೆಯಲಿಲ್ಲ, ಇಟ್ಟುಕೊಂಡಿದ್ದರು. ಹೆಸರನ್ನು ಮುಂದೆ ಬರುವವರು ತಿದ್ದಬಲ್ಲರು. ಅಳಿಸಿದ್ದನ್ನು ಯಾರೂ ತಿರುಗಿ ಬರೆಯಲಾರರು.